ತೋಟದ ಅಡಿಕೆ, ಬಾಯಿಯ ಹುಣ್ಣು

ಬ್ರಹ್ಮಾವರದಿಂದ ಪೇತ್ರಿ ದಾಟಿ ಕೊಕ್ಕರ್ಣೆ ಕಡೆಗೆ ಬಂದರೆ ಅಡಿಕೆ ತೋಟಗಳು ಕಾಣತೊಡಗುತ್ತವೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ಸಿಂಪಡಿಸುವ ಚಿಂತೆ, ಚಳಿಗಾಲ ಬಂದರೆ ಅಂಗಳದಲ್ಲಿ ಅಡಿಕೆ ಹರವಿ ಒಣಗಿಸುವ ಗಡಿಬಿಡಿ. ಮಕ್ಕಳ ಕಾಲೇಜು ಫೀಸು, ಮಗಳ ಮದುವೆ, ಮನೆಯ ಮಾಡಿನ ರಿಪೇರಿ ಎಲ್ಲ ಚಾಲಿ ಅಡಿಕೆಯ ರೇಟು ನೋಡಿಕೊಂಡೇ ನಡೆಯುವ ಸೀಮೆ ಇದು. ಇಲ್ಲಿನ ಓದುಗರಿಗೆ ಅಡಿಕೆ ಜಗಿದರೆ ಬಾಯಿ ಕ್ಯಾನ್ಸರ್ ಬರಬಹುದು ಎಂದು ಬರೆಯುವುದು ಸುಲಭವಲ್ಲ. ಆದರೂ ಕ್ಯಾನ್ಸರ್ ತಡೆಯುವ ಮಾತನ್ನು ನಮ್ಮಲ್ಲಿ ಎತ್ತುವುದಾದರೆ ಅಲ್ಲಿಂದಲೇ ಎತ್ತಬೇಕು. ಉಳಿದದ್ದನ್ನೆಲ್ಲ ಹೇಳಿ ಅದೊಂದನ್ನು ನುಂಗಿಕೊಂಡರೆ ಓದುಗರಿಗೆ ಮೋಸ ಮಾಡಿದಂತೆ.

ಕ್ಯಾನ್ಸರ್‌ಗಳಲ್ಲಿ ಶೇ 30ರಿಂದ 50ರಷ್ಟನ್ನು ತಡೆಯಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತ ಬಂದಿದೆ. ಭಾರತದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ 2020ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ದೇಶದ ಒಟ್ಟು ಕ್ಯಾನ್ಸರ್‌ಗಳಲ್ಲಿ ಶೇ 27ರಷ್ಟು ತಂಬಾಕಿಗೆ ಸಂಬಂಧಪಟ್ಟ ಅಂಗಗಳಲ್ಲಿ ಬರುವಂಥವು. ನಮ್ಮ ದೇಶದ ಗಂಡಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವುದು ಬಾಯಿ ಕ್ಯಾನ್ಸರ್. 2022ರಲ್ಲಿ ಗಂಡಸರು ಹೆಂಗಸರು ಸೇರಿ ಸುಮಾರು 1.4 ಲಕ್ಷ ಭಾರತೀಯರಿಗೆ ಹೊಸದಾಗಿ ಬಾಯಿ ಕ್ಯಾನ್ಸರ್ ಬಂತು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಇವುಗಳಲ್ಲಿ 83 ಸಾವಿರಕ್ಕೂ ಹೆಚ್ಚು ಜಗಿಯುವ ತಂಬಾಕು ಮತ್ತು ಅಡಿಕೆಯಿಂದ ಬಂದವು ಎಂದು ಅದೇ ಸಂಸ್ಥೆ 2024ರಲ್ಲಿ ಲೆಕ್ಕ ಹಾಕಿ ತೋರಿಸಿತು. ಅಷ್ಟೂ ಜನ ಜಗಿಯದೇ ಇದ್ದಿದ್ದರೆ ಬರುತ್ತಿರಲಿಲ್ಲ ಎಂಬುದು ಈ ಲೆಕ್ಕದ ಅರ್ಥ.

"ನಮ್ ಅಜ್ಜಯ್ಯ ಎಲಿ ಹಾಕ್ದೇ ಇದ್ದ ದಿನ ಇಲ್ಲ. ತೊಂಬತ್ತ್ ವರ್ಷ ಬದ್ಕಿದ್ರ್. ಎಂತ ಆಯ್ತ್ ಅವ್ರಿಗೆ?" ಈ ಪ್ರಶ್ನೆ ಕೇಳದ ಮನೆ ನಮ್ಮ ಕಡೆ ಇಲ್ಲವೆನ್ನಬಹುದು. ಅದಕ್ಕೆ ಗೌರವದಿಂದಲೇ ಉತ್ತರ ಕೊಡಬೇಕು. ಎಲೆ ಹಾಕುವ ಎಲ್ಲರಿಗೂ ಕ್ಯಾನ್ಸರ್ ಬರುತ್ತದೆ ಎಂದು ಯಾವ ವೈದ್ಯರೂ ಹೇಳುವುದಿಲ್ಲ. ಹಾಕುವವರಿಗೆ ಬರುವ ಸಾಧ್ಯತೆ ಹಾಕದವರಿಗಿಂತ ಹಲವು ಪಟ್ಟು ಹೆಚ್ಚು, ದಿನಕ್ಕೆ ಎಷ್ಟು ಸಲ, ಎಷ್ಟು ವರ್ಷ ಎಂಬುದರ ಮೇಲೆ ಅದು ಏರುತ್ತ ಹೋಗುತ್ತದೆ ಎನ್ನುತ್ತಾರೆ. ಅಜ್ಜಯ್ಯ ಬದುಕಿದ್ದು ನಮ್ಮ ನೆನಪಿನಲ್ಲಿ ಉಳಿಯಿತು. ಐವತ್ತೈದಕ್ಕೇ ಕೆನ್ನೆಯೊಳಗೆ ಹುಣ್ಣಾಗಿ, ಗಂಜಿ ನುಂಗಲಾಗದೆ ಹೋದ ಅವರ ಓರಗೆಯವರಿಗೆ ಏನಾಗಿತ್ತು ಎಂಬುದಕ್ಕೆ ಆಗ ಹೆಸರೂ ಇರಲಿಲ್ಲ, ಕೇಳುವವರೂ ಇರಲಿಲ್ಲ. ಎಲೆ ಅಡಿಕೆ ಜಗಿಯುವವರ ಬಾಯಿ ಕ್ಯಾನ್ಸರ್ ಬಗ್ಗೆ ತಿರುವಾಂಕೂರಿನ ರೋಗಿಗಳನ್ನು ನೋಡಿ ಓರ್ ಎಂಬ ವೈದ್ಯ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದದ್ದು 1933ರಲ್ಲಿ. ನಮ್ಮದೇ ಪಶ್ಚಿಮ ಕರಾವಳಿಯಲ್ಲಿ, ಗುಟ್ಕಾ ಎಂಬುದು ಹುಟ್ಟುವ ಎಷ್ಟೋ ವರ್ಷ ಮೊದಲು.

ಇನ್ನೊಂದು ವಾದ ಇದಕ್ಕಿಂತ ಗಟ್ಟಿ. ತಪ್ಪೆಲ್ಲ ಹೊಗೆಸೊಪ್ಪಿನದು, ಅಡಿಕೆ ಪಾಪದ್ದು ಎಂಬ ವಾದ. ಬಹಳ ಕಾಲ ವಿಜ್ಞಾನಿಗಳೂ ಹಾಗೆಯೇ ತಿಳಿದಿದ್ದರು. 1980ರ ದಶಕದಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ತಂಬಾಕು ಸೇರಿದ ಎಲೆ ಅಡಿಕೆಯನ್ನಷ್ಟೇ ಕ್ಯಾನ್ಸರ್‌ಕಾರಕ ಎಂದಿತ್ತು. ಆಮೇಲೆ ತಂಬಾಕು ಸೇರಿಸದೆ ಅಡಿಕೆ ಜಗಿಯುವ ತೈವಾನ್‌ನಿಂದ ಬಂದ ಅಧ್ಯಯನಗಳು ಈ ಎಣಿಕೆಯನ್ನು ಬದಲಿಸಿದವು. ಅಲ್ಲಿನ ಗಂಡಸರು ಹಸಿ ಅಡಿಕೆಗೆ ಸುಣ್ಣ ಹಚ್ಚಿ ಜಗಿಯುತ್ತಿದ್ದರು, ಹೊಗೆಸೊಪ್ಪು ಇಲ್ಲ, ಆದರೂ ಬಾಯಿ ಕ್ಯಾನ್ಸರ್ ಏರುತ್ತಲೇ ಇತ್ತು. 2004ರಲ್ಲಿ ಪ್ರಕಟವಾದ ತನ್ನ ವರದಿಮಾಲೆಯ 85ನೇ ಸಂಪುಟದಲ್ಲಿ ಸಂಸ್ಥೆ ಅಡಿಕೆಯನ್ನೇ ಮೊದಲ ಗುಂಪಿಗೆ, ಎಂದರೆ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದು ಖಚಿತವಾದ ವಸ್ತುಗಳ ಸಾಲಿಗೆ ಸೇರಿಸಿತು. ಹೊಗೆಸೊಪ್ಪು ಸೇರಿದರೆ ಅಪಾಯ ಮತ್ತಷ್ಟು ಹೆಚ್ಚು ಎಂಬುದು ನಿಜ. ಅದಿಲ್ಲದಿದ್ದರೆ ಅಪಾಯವೇ ಇಲ್ಲ ಎಂಬುದು ನಿಜವಲ್ಲ.

ಅಡಿಕೆ ಮಾಡುವುದಾದರೂ ಏನು? ಅದರಲ್ಲಿರುವ ಅರಿಕೋಲಿನ್ ಎಂಬ ಸತ್ವವೇ ಮೈ ಬೆಚ್ಚಗಾಗಿಸಿ ಚುರುಕು ಕೊಡುವುದು, ಚಟ ಹಿಡಿಸುವುದೂ ಅದೇ. ಸುಣ್ಣ ಸೇರಿದಾಗ ಬಾಯೊಳಗೆ ಕ್ಷಾರ ಹೆಚ್ಚಿ, ಜೀವಕೋಶಗಳ ವಂಶವಾಹಿಗೆ ಏಟು ಕೊಡುವ ಆಮ್ಲಜನಕದ ಕಣಗಳು ಹುಟ್ಟುತ್ತವೆ. ಜೊಲ್ಲಿನಲ್ಲಿರುವ ನೈಟ್ರೈಟ್ ಜೊತೆ ಅರಿಕೋಲಿನ್ ಕೂಡಿದರೆ ನೈಟ್ರೋಸಮೀನ್ ಎಂಬ ಕ್ಯಾನ್ಸರ್‌ಕಾರಕಗಳು ಆಗುತ್ತವೆ. ಅಡಿಕೆಯಲ್ಲಿ ತಾಮ್ರದ ಅಂಶವೂ ಜಾಸ್ತಿ. ಈ ತಾಮ್ರ ಒಂದು ಕಿಣ್ವವನ್ನು ಕೆರಳಿಸಿ ಕೆನ್ನೆಯ ಒಳಪದರದ ಕೆಳಗೆ ನಾರುನಾರಾದ ಗಟ್ಟಿ ಪಟ್ಟಿಗಳನ್ನು ಬೆಳೆಸುತ್ತದೆ. ಮೊದಲು ಖಾರ ತಿಂದರೆ ಉರಿ. ಆಮೇಲೆ ಕೆನ್ನೆಯ ಒಳಗು ಬಿಳಿಚಿಕೊಂಡು ಬಿಗಿಯುತ್ತದೆ. ಕೊನೆಗೆ ಬಾಯಿ ತೆರೆಯುವುದೇ ಕಷ್ಟ. ನಮ್ಮದೇ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ನಡುವೆ ತೂರಿಸಲು ಆಗದಿದ್ದರೆ ವೈದ್ಯರಿಗೆ ತೋರಿಸುವ ಕಾಲ ಬಂದಿದೆ ಎಂದೇ ಅರ್ಥ. ಕೇರಳದ ಎರ್ನಾಕುಳಂ ಜಿಲ್ಲೆಯಲ್ಲಿ ಹೀಗೆ ಬಾಯಿ ಬಿಗಿದ 66 ಜನರನ್ನು 17 ವರ್ಷಗಳ ಅವಧಿಯಲ್ಲಿ ಗಮನಿಸಿದಾಗ ಐವರಿಗೆ ಕ್ಯಾನ್ಸರ್ ಬಂತು. ಈ ಬಿಗಿತಕ್ಕೆ ಪೂರ್ತಿ ಗುಣವಾಗುವ ಔಷಧ ಇಂದಿಗೂ ಇಲ್ಲ. ಬೇಗ ಬಿಟ್ಟಷ್ಟೂ ಉಳಿಯುವುದು ಹೆಚ್ಚು.

ಒಂದು ಕೆಟ್ಟ ಅಭ್ಯಾಸವನ್ನು ಇಲ್ಲಿ ಹೆಸರಿಟ್ಟೇ ಹೇಳಬೇಕು. ಎಲೆ ಅಡಿಕೆ ಹೊಗೆಸೊಪ್ಪನ್ನು ಕೆನ್ನೆಯ ಸಂದಿಯಲ್ಲಿ ಒತ್ತಿ ಇಟ್ಟುಕೊಂಡು ಗಂಟೆಗಟ್ಟಲೆ ಇರುವುದು, ಕೆಲವರು ಹಾಗೆಯೇ ಮಲಗುವುದು. ವಸಡು ಮತ್ತು ಕೆನ್ನೆ ಕೂಡುವ ಆ ಮೂಲೆಯಲ್ಲಿ ಹುಟ್ಟುವ ಕ್ಯಾನ್ಸರ್ ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವೆಂದರೆ ವೈದ್ಯಲೋಕ ಅದಕ್ಕೆ 'ಭಾರತೀಯ ಬಾಯಿ ಕ್ಯಾನ್ಸರ್' ಎಂದೇ ಹೆಸರಿಟ್ಟಿದೆ.

ಹೀಗೆಲ್ಲ ಹೆದರಿಸಿ ಸುಮ್ಮನಾಗುವುದಕ್ಕಲ್ಲ ಇಷ್ಟು ಬರೆದದ್ದು. ಬಾಯಿ ಕ್ಯಾನ್ಸರ್ ಬರುವ ಮೊದಲು ಬಹಳ ಸಲ ಸುಳಿವು ಕೊಡುತ್ತದೆ, ಮತ್ತು ಆ ಸುಳಿವು ಬರಿಗಣ್ಣಿಗೆ ಕಾಣುತ್ತದೆ. ಉಜ್ಜಿದರೂ ಹೋಗದ ಬಿಳಿ ಮಚ್ಚೆ, ಮಖಮಲ್ಲಿನಂಥ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲುಗಾಡುವ ಹಲ್ಲು, ಕುತ್ತಿಗೆಯಲ್ಲಿ ಗಂಟು. ಸ್ಕ್ಯಾನಿಂಗ್ ಬೇಡ, ರಕ್ತ ಪರೀಕ್ಷೆ ಬೇಡ. ತಿರುವನಂತಪುರ ಜಿಲ್ಲೆಯ 13 ಪಂಚಾಯತಿಗಳಲ್ಲಿ 1990ರ ದಶಕದ ಮಧ್ಯದಲ್ಲಿ ಶುರುವಾದ ಒಂದು ದೊಡ್ಡ ಅಧ್ಯಯನದಲ್ಲಿ, ವೈದ್ಯರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚು ಬಿಟ್ಟು ಬಾಯಿ ನೋಡಿದರು. 2005ರಲ್ಲಿ ಪ್ರಕಟವಾದ ಅದರ ಫಲಿತಾಂಶದಂತೆ, ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಶೇ 34ರಷ್ಟು ಇಳಿದಿತ್ತು. ಟಾರ್ಚಿನ ಬೆಳಕಿನಿಂದ ಮೂರರಲ್ಲಿ ಒಂದು ಸಾವು ತಪ್ಪುತ್ತದೆ ಎಂಬುದನ್ನು ಜಗತ್ತಿಗೆ ತೋರಿಸಿಕೊಟ್ಟದ್ದು ನಮ್ಮ ನೆರೆಯ ರಾಜ್ಯದ ಹಳ್ಳಿಗಳು.

ಕೇಂದ್ರ ಸರ್ಕಾರ 2016ರಲ್ಲಿ ತಂದ ಮಾರ್ಗಸೂಚಿಯಂತೆ 30 ವರ್ಷ ದಾಟಿದ ಎಲ್ಲರಿಗೂ ಐದು ವರ್ಷಕ್ಕೊಮ್ಮೆ ಬಾಯಿ ತಪಾಸಣೆ, ಹೆಂಗಸರಿಗೆ ಅದರ ಜೊತೆಗೆ ಸ್ತನ ಮತ್ತು ಗರ್ಭಕೊರಳಿನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿಯೇ ಆಗಬೇಕು. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ಒಂದು ಫಾರಂ ತುಂಬಿಸಿಕೊಳ್ಳುವುದು ಇದಕ್ಕೇ. ಆ ಫಾರಂ ತುಂಬುವಾಗ ಎಲೆ ಅಡಿಕೆ ಹಾಕುತ್ತೀರಾ ಎಂಬ ಪ್ರಶ್ನೆಗೆ ನಾಚಿಕೆಯಿಂದ ಇಲ್ಲ ಎಂದು ಹೇಳಿ ಕಳಿಸುವವರು ಇದ್ದಾರೆ. ದಯವಿಟ್ಟು ನಿಜ ಹೇಳಿ. ಬಾಯಿ ತೆರೆದು ತೋರಿಸುವುದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ಎಲೆಬಟ್ಟಲಿನ ಕಾಲಕ್ಕಿಂತ ಈಗಿನ ಕಾಲ ಹೆಚ್ಚು ಅಪಾಯದ್ದು ಎಂದು ನನಗೆ ಅನಿಸುವುದಕ್ಕೆ ಕಾರಣ ಪ್ಯಾಕೆಟ್ಟು. ಅಜ್ಜಯ್ಯನಿಗೆ ಎಲೆ ಒರೆಸಿ, ಸುಣ್ಣ ಹಚ್ಚಿ, ಅಡಿಕೆ ಕತ್ತರಿಸಿ ಹಾಕಿಕೊಳ್ಳಲು ಹೊತ್ತು ಬೇಕಿತ್ತು, ಕೂರುವ ಜಾಗ ಬೇಕಿತ್ತು. ಈಗ ಬೈಕಿನ ಮೇಲೆಯೇ ಪ್ಯಾಕೆಟ್ಟು ಹರಿದು ಬಾಯಿಗೆ ಸುರಿದುಕೊಳ್ಳುತ್ತಾರೆ. ವೀಳ್ಯದೆಲೆಯೇ ಇಲ್ಲದ ಒಣ ಅಡಿಕೆಪುಡಿ ನೇರ ಕೆನ್ನೆಗೆ ತಾಗುತ್ತದೆ. ಬಾಯಿ ಬಿಗಿದುಕೊಂಡು ಆಸ್ಪತ್ರೆಗೆ ಬರುವವರಲ್ಲಿ ಇಪ್ಪತ್ತರ ಹರೆಯದ ಹುಡುಗರು ಕಾಣತೊಡಗಿದ್ದು ಪ್ಯಾಕೆಟ್ಟು ಬಂದ ಮೇಲೆಯೇ. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ತಿಂಗಳಲ್ಲಿ. ಕೂಡಲೇ ಪಾನ್ ಮಸಾಲದ ಪ್ಯಾಕೆಟ್ಟು ಒಂದು, ತಂಬಾಕಿನ ಪ್ಯಾಕೆಟ್ಟು ಒಂದು ಎಂದು ಎರಡಾಗಿ ಬಂತು. ಅಂಗಡಿಯಲ್ಲಿ ಎರಡೂ ಒಟ್ಟಿಗೇ ತೂಗುತ್ತವೆ. ಶಾಲೆಯಿಂದ 100 ಗಜದೊಳಗೆ ತಂಬಾಕು ಮಾರಬಾರದು ಎಂಬುದು 2003ರ ಕಾನೂನು. ನಮ್ಮ ಊರುಗಳಲ್ಲಿ ಶಾಲೆ, ಬಸ್‌ಸ್ಟ್ಯಾಂಡು, ಗೂಡಂಗಡಿ ಮೂರೂ ಒತ್ತಿಕೊಂಡಿರುತ್ತವೆ. ಪೊಲೀಸರನ್ನು ಕಾಯದೆ ಶಾಲಾಭಿವೃದ್ಧಿ ಸಮಿತಿಯವರೇ ಟೇಪು ಹಿಡಿದು ಅಳೆದು, ಅಂಗಡಿಯವರ ಬಳಿ ಕೂತು ಮಾತಾಡಿದರೆ ಆಗುವ ಕೆಲಸ ಇದು. ಅಂಗಡಿಯವರೂ ನಮ್ಮವರೇ, ಅವರ ಮಕ್ಕಳೂ ಅದೇ ಶಾಲೆಗೆ ಹೋಗುವವರು.

ಬೀಡಿ ಕಟ್ಟುವ ಹೆಂಗಸರ ಮಾತು ಬೇರೆ. ಉಡುಪಿ, ದಕ್ಷಿಣ ಕನ್ನಡದ ಎಷ್ಟೋ ಮನೆಗಳು ನಿಂತದ್ದು ಜಗಲಿಯಲ್ಲಿ ಕೂತು ಸೂಪು ಮಡಿಲಲ್ಲಿಟ್ಟು ಬೀಡಿ ಕಟ್ಟಿದ ತಾಯಂದಿರಿಂದ. ಬೀಡಿ ಸೇದುವವರಿಗೆ ಸಿಗರೇಟಿನವರಿಗಿಂತ ಅಪಾಯ ಕಡಿಮೆ ಎಂಬ ನಂಬಿಕೆ ಸುಳ್ಳು. ಬೀಡಿ ನಂದಿಹೋಗದಂತೆ ಮತ್ತೆ ಮತ್ತೆ ಜೋರಾಗಿ ಎಳೆಯಬೇಕಾಗುವುದರಿಂದ ಹೊಗೆ ಹೆಚ್ಚೇ ಒಳಗೆ ಹೋಗುತ್ತದೆ. ಕಟ್ಟುವವರ ಕೈಯ ಚರ್ಮದಿಂದ ಮತ್ತು ಉಸಿರಿನ ಧೂಳಿನಿಂದ ನಿಕೋಟಿನ್ ಮೈಗೆ ಸೇರುತ್ತದೆ. ತಂಬಾಕನ್ನು ಮಲಗುವ ಕೋಣೆಯಲ್ಲಿ ಇಡದಿರುವುದು, ಮಕ್ಕಳನ್ನು ಪಕ್ಕ ಕೂರಿಸಿಕೊಳ್ಳದಿರುವುದು, ಊಟಕ್ಕೆ ಮೊದಲು ಸೋಪು ಹಾಕಿ ಕೈ ತೊಳೆಯುವುದು ಇಷ್ಟನ್ನು ಇವತ್ತೇ ಮಾಡಬಹುದು. ಅದಕ್ಕಿಂತ ದೊಡ್ಡದು ಅವರಿಗೆ ಬೇರೆ ದುಡಿಮೆ ಒದಗಿಸುವುದು. ಅದು ಆ ಹೆಂಗಸರ ಹೊಣೆಯಲ್ಲ, ಸರ್ಕಾರದ್ದು.

ಹೊಗೆ ಎಂದಾಗ ನೆನಪಾಗಬೇಕಾದದ್ದು ಬಚ್ಚಲು ಮನೆಯ ಒಲೆ. ಅಡುಗೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಯಿತು, ಆದರೆ ಹಂಡೆಯ ಕೆಳಗೆ ಈಗಲೂ ಸೌದೆ, ತೆಂಗಿನ ಸಿಪ್ಪೆ, ಮಡಲು. ಮನೆಯೊಳಗಿನ ಸೌದೆ ಹೊಗೆಯನ್ನು ಕ್ಯಾನ್ಸರ್‌ಕಾರಕ ಇರಬಹುದಾದ ಎರಡನೇ ಗುಂಪಿನಲ್ಲಿಟ್ಟಿದ್ದಾರೆ. ಹೊಗೆ ಹೊರಹೋಗಲು ದಾರಿಯಿದ್ದರೆ ಅದಕ್ಕೆ ಅಷ್ಟಾಗಿ ಹೆದರಬೇಕಿಲ್ಲ. ನನ್ನ ಆತಂಕ ಒಲೆ ಹೊತ್ತಿಸುವ ರೀತಿಯ ಮೇಲೆ. ಮಳೆಗಾಲದ ಹಸಿ ಸೌದೆಗೆ ಬೆಂಕಿ ಹಿಡಿಯುವುದಿಲ್ಲವೆಂದು ಹಾಲಿನ ತೊಟ್ಟೆ, ಬಿಸ್ಕತ್ತಿನ ಕವರು, ಒಡೆದ ಪ್ಲಾಸ್ಟಿಕ್ ಕೊಡಪಾನದ ಚೂರು ತುರುಕುತ್ತೇವೆ. ಪಿವಿಸಿಯಂಥ ಕ್ಲೋರಿನ್ ಇರುವ ಪ್ಲಾಸ್ಟಿಕ್ ಕಡಿಮೆ ಶಾಖದಲ್ಲಿ ಉರಿದಾಗ ಡಯಾಕ್ಸಿನ್ ಹುಟ್ಟುತ್ತದೆ. ಅದರ ಅತಿ ವಿಷಕಾರಿ ರೂಪವನ್ನು 1997ರಲ್ಲೇ ಮೊದಲ ಗುಂಪಿಗೆ ಸೇರಿಸಲಾಗಿದೆ. ಬೆಳಿಗ್ಗೆ ಒಲೆಯೂದುವ ಹೆಂಗಸಿನ ಮುಖಕ್ಕೆ ಮೊದಲು ಬಡಿಯುವುದು ಆ ಹೊಗೆ. ಆಮೇಲೆ ಬೂದಿಯನ್ನು ಬಸಳೆಯ ಬುಡಕ್ಕೆ ಹಾಕುತ್ತೇವೆ. ಕಸ ಕೊಂಡುಹೋಗುವ ವ್ಯವಸ್ಥೆ ಇಲ್ಲದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಈಗ ಕುಂದಾಪುರ ತಾಲ್ಲೂಕಿನ ವಂಡ್ಸೆಯಂಥ ಹಳ್ಳಿ ಪಂಚಾಯತಿಯೇ ಮನೆಮನೆಯಿಂದ ಒಣ ಕಸ ಬೇರೆ ತೆಗೆದುಕೊಂಡು ವಿಂಗಡಿಸುವುದನ್ನು ಮಾಡಿ ತೋರಿಸಿದೆ. ಪಂಚಾಯತಿ ಗಾಡಿ ಬರುವ ದಿನಕ್ಕೆ ಕವರುಗಳನ್ನು ಗೋಣಿಯಲ್ಲಿ ಕಟ್ಟಿಡುವುದೂ ಕ್ಯಾನ್ಸರ್ ತಡೆಯುವ ಕೆಲಸವೇ.

ಮದ್ಯದ ಬಗ್ಗೆ ಉದ್ದ ಬರೆಯಬೇಕಿಲ್ಲ. 1988ರಿಂದ ಅದು ಮೊದಲ ಗುಂಪಿನಲ್ಲಿದೆ. ಬ್ರಾಂದಿಯಾಗಲಿ ಬಿಯರಾಗಲಿ ಕಳ್ಳಾಗಲಿ, ದೇಹದಲ್ಲಿ ಅಸಿಟಾಲ್ಡಿಹೈಡ್ ಆಗುವುದು ಒಂದೇ. ಎಲೆ ಅಡಿಕೆ ಹೊಗೆಸೊಪ್ಪಿನ ಜೊತೆ ಕುಡಿತವೂ ಸೇರಿದರೆ ಎರಡರ ಅಪಾಯ ಕೂಡುವುದಿಲ್ಲ, ಗುಣಿಸಿದಂತೆ ಏರುತ್ತದೆ.

ಊಟದ ವಿಷಯದಲ್ಲಿ ನಮ್ಮವರ ಹೆದರಿಕೆಯೆಲ್ಲ ವಾಟ್ಸಾಪಿನಿಂದ ಬಂದದ್ದು. ಮುಳ್ಳುರಾಮಫಲ ತಿಂದರೆ ಕ್ಯಾನ್ಸರ್ ಗುಣವಾಗುತ್ತದೆ ಎಂದು ನಂಬಿ ಗಿಡ ನೆಟ್ಟವರು, ಚಿಕಿತ್ಸೆ ಅರ್ಧಕ್ಕೆ ಬಿಟ್ಟು ಅದರ ಎಲೆಯ ಕಷಾಯ ಕುಡಿದವರು ಇದ್ದಾರೆ. ಮನುಷ್ಯರಲ್ಲಿ ಅದು ಕ್ಯಾನ್ಸರ್ ಗುಣಪಡಿಸಿದ್ದಕ್ಕೆ ಆಧಾರವಿಲ್ಲ. ಕುಚ್ಚಲಕ್ಕಿ ಗಂಜಿ, ಹುರುಳಿ ಸಾರು, ಬಸಳೆ, ಹರಿವೆ, ತಾಜಾ ಮೀನು ತಿಂದು ಗದ್ದೆಯಲ್ಲಿ ದುಡಿಯುತ್ತಿದ್ದ ಮೈಗೆ ಬೇರೆ ಪಥ್ಯ ಬೇಕಿರಲಿಲ್ಲ. ಊಟಕ್ಕಿಂತ ಹೆಚ್ಚು ಬದಲಾದದ್ದು ದುಡಿಮೆ. ಗದ್ದೆ ಹಡಿಲು ಬಿದ್ದಿದೆ, ನಡೆಯುತ್ತಿದ್ದ ದಾರಿಗೆ ಸ್ಕೂಟರು ಬಂದಿದೆ, ಸಂಜೆಗೆ ಬೇಕರಿ ತಿಂಡಿ. ಮುಟ್ಟು ನಿಂತ ಮೇಲೆ ಬೊಜ್ಜು ಏರಿದರೆ ಸ್ತನ ಕ್ಯಾನ್ಸರ್, ಗರ್ಭಕೋಶದ ಕ್ಯಾನ್ಸರ್ ಎರಡರ ಅಪಾಯವೂ ಏರುತ್ತದೆ. ಮೊಲೆಹಾಲು ಕುಡಿಸಿದ ಪ್ರತಿ 12 ತಿಂಗಳಿಗೆ ತಾಯಿಯ ಸ್ತನ ಕ್ಯಾನ್ಸರ್ ಅಪಾಯ ಶೇ 4ರಷ್ಟು ಇಳಿಯುತ್ತದೆ ಎಂದು 2002ರಲ್ಲಿ 30 ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡರು. ಮಳೆಗಾಲದಲ್ಲಿ ಬೂಷ್ಟು ಹಿಡಿದ ನೆಲಗಡಲೆಯನ್ನು ಆರಿಸಿ ಹುರಿದು ತಿನ್ನುವುದನ್ನು ಮಾತ್ರ ಬಿಡಿ. ಅದರ ಅಫ್ಲಾಟಾಕ್ಸಿನ್ ಹುರಿದರೂ ಪೂರ್ತಿ ಹೋಗುವುದಿಲ್ಲ, ಯಕೃತ್ತಿಗೆ ಕೆಡುಕು.

ಹೆಣ್ಣುಮಕ್ಕಳಿಗೆ ಒಂದು ಕ್ಯಾನ್ಸರ್ ಲಸಿಕೆಯಿಂದಲೇ ತಪ್ಪುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ಹೆಚ್ಚುಕಡಿಮೆ ಪೂರ್ತಿ ಎಚ್‌ಪಿವಿ ವೈರಸ್ಸಿನಿಂದ ಬರುವಂಥದ್ದು. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್‌ಗೆ 2008ರಲ್ಲಿ ನೊಬೆಲ್ ಬಂತು. ಭಾರತದಲ್ಲಿ 2022ರಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂತು, ಸುಮಾರು 80 ಸಾವಿರ ಮಂದಿ ತೀರಿಕೊಂಡರು. ಪುಣೆಯ ಸೀರಂ ಇನ್‌ಸ್ಟಿಟ್ಯೂಟ್ ತಯಾರಿಸಿದ ಸರ್ವಾವ್ಯಾಕ್ ಎಂಬ ಎಚ್‌ಪಿವಿ ಲಸಿಕೆ 2023ರಲ್ಲಿ ಬಿಡುಗಡೆಯಾಗಿದೆ. ಒಂಬತ್ತರಿಂದ ಹದಿನಾಲ್ಕು ವಯಸ್ಸಿನಲ್ಲಿ ಕೊಟ್ಟರೆ ಒಳ್ಳೆಯದು. ಆ ವಯಸ್ಸು ದಾಟಿದ ತಾಯಂದಿರಿಗೆ ತಪಾಸಣೆ. ವಿನೆಗರಿನ ಸತ್ವವಾದ ಅಸಿಟಿಕ್ ಆಮ್ಲವನ್ನು ಹತ್ತಿಯಲ್ಲಿ ಹಚ್ಚಿ, ಬಿಳಿಯಾಗುವ ಭಾಗವಿದೆಯೇ ಎಂದು ನೋಡುವುದು ಅಷ್ಟೇ. ಮುಂಬೈಯ ಟಾಟಾ ಆಸ್ಪತ್ರೆಯವರು ಕೊಳೆಗೇರಿಗಳ ಒಂದೂವರೆ ಲಕ್ಷ ಹೆಂಗಸರನ್ನು ಸೇರಿಸಿ 1998ರಿಂದ ನಡೆಸಿದ ಅಧ್ಯಯನದಲ್ಲಿ, ಎರಡು ವರ್ಷಕ್ಕೊಮ್ಮೆ ಹೀಗೆ ಪರೀಕ್ಷೆ ಮಾಡಿದ ಗುಂಪಿನಲ್ಲಿ ಈ ಕ್ಯಾನ್ಸರಿನ ಸಾವು ಶೇ 31ರಷ್ಟು ಕಡಿಮೆಯಾಯಿತು. ಪರೀಕ್ಷೆ ಮಾಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು. ನಮ್ಮ ಅಕ್ಕತಂಗಿಯರು ಬಿಳಿ ಮುಟ್ಟು, ಮುಟ್ಟು ನಿಂತ ಮೇಲಿನ ರಕ್ತಸ್ರಾವವನ್ನು ಗಂಡನ ಹತ್ತಿರವೂ ಹೇಳದೆ ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಸ್ವಸಹಾಯ ಸಂಘದ ವಾರದ ಸಭೆಯಲ್ಲಿ ಸಾಲದ ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಮಾತು ಬರಲಿ. ಒಬ್ಬರು ಬಾಯಿ ಬಿಟ್ಟರೆ ಉಳಿದವರಿಗೂ ಧೈರ್ಯ ಬರುತ್ತದೆ.

ಮತ್ತೆ ಅಡಿಕೆಗೆ ಬರುತ್ತೇನೆ, ಏಕೆಂದರೆ ಬೆಳೆಗಾರರ ಪ್ರಶ್ನೆಗೆ ಉತ್ತರಿಸದೆ ಬಿಟ್ಟರೆ ಈ ಬರಹ ಅರ್ಧವಾಗುತ್ತದೆ. ಜನ ಜಗಿಯುವುದು ಬಿಟ್ಟರೆ ತೋಟದ ಗತಿಯೇನು? 1970ರ ಸುಮಾರಿಗೆ ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಾಗ ವಾರಣಾಶಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೋ ಕಟ್ಟಿದರು. ಕೊಕ್ಕೋ ಕೊಳ್ಳುವ ಕಂಪನಿಗಳು ಕೈಬಿಟ್ಟಾಗ ಅದೇ ಸಂಸ್ಥೆ ಕೊಕ್ಕೋ ಕೊಂಡಿತು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆಯಿತು. ಅಡಿಕೆಯ ನೆರಳಲ್ಲಿ ಕೊಕ್ಕೋ, ಮರಕ್ಕೆ ಹಬ್ಬಿದ ಕಾಳುಮೆಣಸು, ನಡುವೆ ಬಾಳೆ ಇವು ನಮ್ಮ ಕೃಷಿಕರಿಗೆ ಹೊಸತೇನೂ ಅಲ್ಲ. ತೈವಾನ್ ಸರ್ಕಾರ ಅಡಿಕೆ ತೆಗೆದು ಬೇರೆ ಬೆಳೆ ಹಾಕುವವರಿಗೆ ಹಣ ಕೊಟ್ಟಿತು, ಜಗಿಯುವವರಿಗೆ ಎರಡು ವರ್ಷಕ್ಕೊಮ್ಮೆ ಪುಕ್ಕಟೆ ಬಾಯಿ ತಪಾಸಣೆ ಇಟ್ಟಿತು. ಅಲ್ಲಿನ ಗಂಡಸರಲ್ಲಿ ಜಗಿಯುವವರು 2007ರಲ್ಲಿ ಶೇ 17ರಷ್ಟಿದ್ದರು, ಮುಂದಿನ ಹತ್ತು ವರ್ಷಗಳಲ್ಲಿ ಶೇ 6ರ ಆಸುಪಾಸಿಗೆ ಇಳಿದರು. ನಮ್ಮಲ್ಲಿ ಒಂದೇ ಏಟಿಗೆ ಮರ ಕಡಿಯಿರಿ ಎನ್ನುವುದು ಅನ್ಯಾಯ. ಹೊಸದಾಗಿ ಗದ್ದೆ ಹೂತು ಅಡಿಕೆ ಹಾಕುವುದನ್ನು ನಿಲ್ಲಿಸಿ, ಇರುವ ತೋಟದಲ್ಲಿ ಉಪಬೆಳೆಯ ಪಾಲು ಹೆಚ್ಚಿಸಿ ಎನ್ನುವುದು ನ್ಯಾಯವಾದ ಮಾತು ಎಂದು ನಾನು ನಂಬಿದ್ದೇನೆ. ನಾಗನಿಗೆ ಹಿಂಗಾರ, ಮದುವೆಗೆ ವೀಳ್ಯ, ದೇವರ ಮುಂದಿಡುವ ಅಡಿಕೆ ಇವುಗಳಿಂದ ಯಾರಿಗೂ ಕ್ಯಾನ್ಸರ್ ಬರುವುದಿಲ್ಲ. ಅವು ಇರಲಿ.

ಬಿಡಬೇಕೆಂದಿರುವವರಿಗೆ 1800-11-2356 ಎಂಬ ಸರ್ಕಾರದ ಉಚಿತ ಸಂಖ್ಯೆ ಇದೆ. ತಂಬಾಕು ಬಿಡಿಸಲು ಫೋನಿನಲ್ಲೇ ಮಾತಾಡಿ ನೆರವಾಗುತ್ತಾರೆ. ಮೊದಲ ಎರಡು ವಾರ ಕಷ್ಟ, ತಲೆನೋವು, ಸಿಡುಕು ಎಲ್ಲ ಇರುತ್ತದೆ. ಎಷ್ಟೇ ವರ್ಷ ಜಗಿದಿದ್ದರೂ ಬಿಟ್ಟ ಮೇಲೆ ಅಪಾಯ ಇಳಿಯುತ್ತ ಹೋಗುತ್ತದೆ.

ನಮ್ಮ ಬೆಳೆಗಾರರ ಸಹಕಾರಿ ಸಂಘಗಳಿಗೆ ಒಂದು ಬಿನ್ನಹ. ಮಣಿಪಾಲದಲ್ಲಿ 1965ರಿಂದ ದಂತ ವೈದ್ಯಕೀಯ ಕಾಲೇಜಿದೆ. ಮಂದಾರ್ತಿ ಮೇಳದ ಹರಕೆ ಆಟ, ವಂಡಾರು ಕಂಬಳ, ಊರ ಜಾತ್ರೆ ಎಂದು ಸಾವಿರಾರು ಜನ ಸೇರುವ ಜಾಗಗಳೂ ಇಲ್ಲಿಯೇ ಇವೆ. ಅಂಥ ಜಾಗಗಳಲ್ಲಿ ಬೀಡಾ ಅಂಗಡಿಯ ಪಕ್ಕದಲ್ಲೇ ಸಂಘದ ಹೆಸರಿನಲ್ಲಿ ಬಾಯಿ ತಪಾಸಣೆಯ ಒಂದು ಚಪ್ಪರ ಹಾಕಿಸಿ. ಒಂದು ಮೇಜು, ನಾಲ್ಕು ಕುರ್ಚಿ, ಟಾರ್ಚು, ನೋಡಲು ತಿಳಿದ ಇಬ್ಬರು ಸಾಕು. ಮಚ್ಚೆ ಕಂಡವರ ಹೆಸರು ಬರೆದುಕೊಂಡು, ಮರುದಿನ ಅವರನ್ನು ಆಸ್ಪತ್ರೆಗೆ ಕರೆದೊಯ್ಯುವ ಖರ್ಚು ಸಂಘದ ಲಾಭದಿಂದ ಹೋಗಲಿ.